ಪಾರ್ಕಿನಲ್ಲಿ ಮಳಿಗೆ ಕಟ್ಟಬಹುದಾ? ಬೇಡ ಅನ್ನುವ ಹಕ್ಕು ನಿವಾಸಿಗಳಿಗೆ ಇದೆಯಾ?

ಪ್ರಶ್ನೆ: ನಮ್ಮದು ಬಳ್ಳಾರಿಯ ಹಳೆಯ ಬಡಾವಣೆ. ನಡುವೆ ಒಂದು ಪಾರ್ಕ್ ಇದೆ. ಅದರ ಹೊರಗೆ ರಸ್ತೆ ಬದಿಯಲ್ಲಿ ಸಂಜೆ ಹೊತ್ತು ಒಗ್ಗಾಣಿ-ಮಿರ್ಚಿ ಬಂಡಿ, ಹಣ್ಣಿನ ಬಂಡಿ, ತರಕಾರಿಯವರು ನಿಲ್ಲುತ್ತಾರೆ. ಈಗ ಪಾರ್ಕಿನ ಒಂದು ಪಕ್ಕ ಮಳಿಗೆ ಕಟ್ಟಿ, ಬಂಡಿಯವರನ್ನೆಲ್ಲ ಅಲ್ಲಿಗೆ ಕಳಿಸುತ್ತಾರೆ ಅಂತ ಸುದ್ದಿ. ಕೆಲವರು ರಸ್ತೆ ಖಾಲಿ ಆದರೆ ಸಾಕು ಅಂತಾರೆ. ಕೆಲವರು ಪಾರ್ಕ್ ಮುಟ್ಟಬೇಡಿ ಅಂತಾರೆ. ದಿನಾ ವಾದ. ನಿಜವಾಗಿ ಪಾರ್ಕಿನಲ್ಲಿ ಅಂಗಡಿ ಕಟ್ಟಬಹುದಾ? ನಮ್ಮ ಮಾತು ನಡೆಯುತ್ತದಾ?

ಉತ್ತರ: ಆ ಜಾಗ ದಾಖಲೆಯಲ್ಲೂ ಪಾರ್ಕ್ ಆಗಿದ್ದರೆ ಕಟ್ಟುವಂತಿಲ್ಲ. ನಿಮ್ಮ ಮಾತೂ ನಡೆಯುತ್ತದೆ. ಆದರೆ ಅದರ ಜೊತೆಗೇ ‘ಬಂಡಿಗಳನ್ನೂ ಎಬ್ಬಿಸಿ’ ಅಂತ ಬರೆದರೆ ಆ ಮಾತು ನಡೆಯುವುದಿಲ್ಲ. ಪಾರ್ಕಿಗೆ ಒಂದು ಕಾಯ್ದೆ, ಬಂಡಿಯವರಿಗೆ ಇನ್ನೊಂದು. ಮೊದಲನೆಯದು ನಿಮ್ಮ ಪರ ಗಟ್ಟಿಯಾಗಿ ನಿಲ್ಲುತ್ತದೆ, ಎರಡನೆಯದು ಅವರ ಪರ. ಬಡಾವಣೆಯ ಜಗಳಗಳಲ್ಲಿ ಜನ ಇವೆರಡನ್ನೂ ಒಂದೇ ಅರ್ಜಿಯಲ್ಲಿ ತುರುಕುತ್ತಾರೆ. ಗೆಲ್ಲಬಹುದಾದ ವಾದವೂ ಅಲ್ಲೇ ಸಡಿಲವಾಗುತ್ತದೆ.

ಮೊದಲು ಪಾರ್ಕಿನ ವಿಷಯ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಒಂದು ಕಾಯ್ದೆ ಇದೆ. ಪಾರ್ಕನ್ನು ಬೇರೆ ಕೆಲಸಕ್ಕೆ ಬಳಸಬಾರದು ಎಂದು ಅದು ನೇರವಾಗಿ ಹೇಳುತ್ತದೆ. ಪಾಲಿಕೆಯೇ ಆದರೂ ಆ ಜಾಗವನ್ನು ಮಾರುವಂತಿಲ್ಲ, ಗುತ್ತಿಗೆ ಕೊಡುವಂತಿಲ್ಲ, ದಾನ ಮಾಡುವಂತಿಲ್ಲ, ಅಡ ಇಡುವಂತಿಲ್ಲ. ಕೊಟ್ಟರೂ ಅದು ಅಸಿಂಧು. ಮಳಿಗೆ ಅಂದರೆ ಬಾಡಿಗೆ. ಬಾಡಿಗೆ ಅಂದರೆ ಗುತ್ತಿಗೆಯೋ ಲೈಸೆನ್ಸೋ ಆಗಲೇಬೇಕು. ಆದ್ದರಿಂದ ‘ಜಾಗ ಪಾಲಿಕೆಯದೇ, ನಾವು ಏನು ಬೇಕಾದರೂ ಕಟ್ಟುತ್ತೇವೆ’ ಅನ್ನುವ ಮಾತಿಗೆ ಹುರುಳಿಲ್ಲ. ಜಾಗ ಪಾಲಿಕೆಯ ಹೆಸರಲ್ಲಿರುವುದು ನೋಡಿಕೊಳ್ಳುವುದಕ್ಕೆ.

ಇನ್ನು ನಿಮ್ಮ ಹಕ್ಕು. ಇದನ್ನು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ಅದೂ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಡಲಾಗಿತ್ತು. ಸರ್ಕಾರದ ಮಟ್ಟದಿಂದಲೇ ಬಂದ ತೀರ್ಮಾನ ಅದು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಜಾಗ ಪಡೆದಿದ್ದ ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ಇವರು ಯಾರು ಕೇಳೋಕೆ ಅನ್ನುವ ತಕರಾರು ಅಲ್ಲೂ ಬಂತು. ಕೋರ್ಟ್ ಒಪ್ಪಲಿಲ್ಲ. ಪಾರ್ಕ್ ಹೋದರೆ ನಷ್ಟ ಆಗುವುದು ಅಲ್ಲಿ ವಾಸ ಮಾಡುವವರಿಗೆ, ಹಾಗಾಗಿ ಕೇಳುವ ಹಕ್ಕೂ ಅವರದೇ ಎಂಬುದು ತೀರ್ಪಿನ ಸಾರ. ಆಸ್ಪತ್ರೆ ಒಳ್ಳೆಯ ಕೆಲಸವೇ ಇರಬಹುದು, ಆದರೆ ಅದಕ್ಕೆ ಪಾರ್ಕಿನ ಜಾಗ ಅಲ್ಲ. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಅಂದರೆ ಯಾವ ವಕೀಲರಿಗೂ ತಕ್ಷಣ ಗೊತ್ತಾಗುತ್ತದೆ. ನಿಮ್ಮ ಆಕ್ಷೇಪಣೆಯಲ್ಲಿ ಈ ಹೆಸರನ್ನೂ 1985ರ ಕಾಯ್ದೆಯನ್ನೂ ಬರೆಯಿರಿ. ಆಸ್ಪತ್ರೆಗೇ ಸಿಗದ ಜಾಗ ಮಳಿಗೆಗೆ ಹೇಗೆ ಸಿಗಬೇಕು, ಅಲ್ವಾ?

ಆದರೆ ಇಲ್ಲೊಂದು ಸಿಕ್ಕು ಇದೆ. ಜನ ಪಾರ್ಕ್ ಅಂದುಕೊಂಡಿರುವುದೆಲ್ಲ ಪಾರ್ಕ್ ಆಗಿರುವುದಿಲ್ಲ. ನಾಲ್ಕು ಬೇವಿನ ಮರ, ಎರಡು ಕಲ್ಲು ಬೆಂಚು, ಸುತ್ತ ತಂತಿ ಬೇಲಿ ಇದ್ದ ಮಾತ್ರಕ್ಕೆ ಆಗಲಿಲ್ಲ. ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಅದು ಏನು ಅಂತ ಬರೆದಿದೆ ಎಂಬುದೇ ಮುಖ್ಯ. ಬಳ್ಳಾರಿಯಲ್ಲಿ ಆ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಎಲ್ಲರೂ ಹೇಳುವ ‘ಬುಡಾ’ದಲ್ಲಿ ಸಿಗಬೇಕು. ನಕ್ಷೆಯಲ್ಲಿ ‘ಪಾರ್ಕ್’ ಅಂತಿದ್ದರೆ ನಿಮ್ಮ ಕಾಲ ಕೆಳಗಿನ ನೆಲ ಗಟ್ಟಿ. ‘ಸಿಎ ಸೈಟ್’ (ನಾಗರಿಕ ಸೌಲಭ್ಯದ ನಿವೇಶನ) ಅಂತಿದ್ದರೆ ಲೆಕ್ಕ ಬೇರೆ. ಸಿಎ ಸೈಟನ್ನು ಶಾಲೆ, ಆಸ್ಪತ್ರೆ, ಸಮುದಾಯ ಭವನದಂಥ ನಾಗರಿಕ ಸೌಲಭ್ಯಕ್ಕೆ ಗುತ್ತಿಗೆ ಕೊಡಲು ಅವಕಾಶ ಇದೆ. ಎಷ್ಟೋ ಕಡೆ ಸಿಎ ಸೈಟು ವರ್ಷಗಟ್ಟಲೆ ಖಾಲಿ ಬಿದ್ದು, ಹುಡುಗರು ಕ್ರಿಕೆಟ್ ಆಡಿ ಆಡಿ, ಅದೇ ಮೈದಾನ ಅಂತ ಹೆಸರಾಗಿರುತ್ತದೆ. ಬರೀ ‘ಪಾಲಿಕೆ ಜಾಗ’ ಅಂತಿದ್ದರೆ ವಾದ ಇನ್ನೂ ಕಷ್ಟ. ಎಲ್ಲಕ್ಕಿಂತ ಗೋಜಲು ಅಂದರೆ ಬಡಾವಣೆ ಮಾಡಿದವರು ನಕ್ಷೆಯಲ್ಲಿ ಪಾರ್ಕ್ ತೋರಿಸಿ, ಅದನ್ನು ಸರಿಯಾಗಿ ಪಾಲಿಕೆಗೆ ಬಿಟ್ಟುಕೊಡದೇ ಹೋಗಿರುವುದು. ಹಾಗಿದ್ದರೆ ಮಳಿಗೆಯ ವಿಚಾರ ಆಮೇಲೆ, ಮೊದಲು ಜಾಗದ ದಾಖಲೆ ಸರಿಪಡಿಸಲು ಹಿಡಿಯಿರಿ.

ನಗರದ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ನಕ್ಷೆಯನ್ನೂ ಒಮ್ಮೆ ನೋಡಿ. ಅದರಲ್ಲಿ ವಾಸದ ಜಾಗ ಹಳದಿ, ವ್ಯಾಪಾರದ್ದು ನೀಲಿ, ಪಾರ್ಕ್ ಹಸಿರು. ಒಂದು ಜಾಗದ ಬಣ್ಣ ಬದಲಿಸಬೇಕಾದರೆ, ಅಂದರೆ ಭೂಬಳಕೆ ಬದಲಾವಣೆ ಮಾಡಬೇಕಾದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಒಂದಾದರೂ ಕನ್ನಡದ್ದಿರಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಒಳಪುಟದ ಸಣ್ಣಕ್ಷರದ ಆ ಪ್ರಕಟಣೆಯನ್ನು ಯಾರೂ ಓದುವುದಿಲ್ಲ. ಜೆಸಿಬಿ ಬಂದ ದಿನ ಎಲ್ಲರೂ ಸೇರುತ್ತಾರೆ. ಅಷ್ಟರಲ್ಲಿ ಆ 15 ದಿನ ಕಳೆದು ಎಷ್ಟೋ ಕಾಲ ಆಗಿರುತ್ತದೆ. ನಿಮ್ಮ ಬಡಾವಣೆಯಲ್ಲಿ ನಿವೃತ್ತ ಗುಮಾಸ್ತರೋ ಮೇಷ್ಟ್ರೋ ಒಬ್ಬರು ಇದ್ದೇ ಇರುತ್ತಾರೆ, ಪೇಪರನ್ನು ಟೆಂಡರ್ ಜಾಹೀರಾತಿನ ತನಕ ಓದುವವರು. ಅವರಿಗೇ ಈ ಕೆಲಸ ಒಪ್ಪಿಸಿ.

ಈಗ ಬಂಡಿಯವರ ವಿಷಯ. ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಬೇಜಾರಾಗಬಹುದು.

ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ, ಕೇಂದ್ರದಿಂದ. ಊರಿನ ವ್ಯಾಪಾರಿಗಳ ಸಮೀಕ್ಷೆ ಮುಗಿದು, ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಸಮೀಕ್ಷೆ 5 ವರ್ಷಕ್ಕೊಮ್ಮೆಯಾದರೂ ಆಗಬೇಕು. ಆಮೇಲೂ ಜಾಗ ಬದಲಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ, ದಂಡ ಕಟ್ಟಿ ಕೇಳಿದಾಗ ಹಣ್ಣು-ತರಕಾರಿಯಂಥ ಕೆಡುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಒಂದು ಊರಿನ ಜನಸಂಖ್ಯೆಯ 2.5 ಪ್ರತಿಶತದವರೆಗೆ ಬೀದಿ ವ್ಯಾಪಾರಿಗಳಿಗೆ ಜಾಗ ಹೊಂದಿಸಬೇಕು ಎಂಬ ಅಳತೆಯೂ ಅದರಲ್ಲಿದೆ. ಬಳ್ಳಾರಿಯ ಜನಸಂಖ್ಯೆ 2011ರ ಜನಗಣತಿಯಲ್ಲೇ 4 ಲಕ್ಷ ದಾಟಿತ್ತು. ಲೆಕ್ಕ ಹಾಕಿದರೆ ಸುಮಾರು 10 ಸಾವಿರ ಜನ. ಅಂದರೆ ಬಂಡಿಗಳೇ ಇಲ್ಲದ ಬಳ್ಳಾರಿ ಕಾನೂನಿನ ಕಲ್ಪನೆಯಲ್ಲೂ ಇಲ್ಲ. ಒಗ್ಗಾಣಿ-ಮಿರ್ಚಿ ಇಲ್ಲದ ಬಳ್ಳಾರಿಯನ್ನು ನಾವೂ ಒಪ್ಪುವುದಿಲ್ಲ ಬಿಡಿ.

ಹಾಗಂತ ಬಂಡಿಯವರು ಎಲ್ಲಿ ಬೇಕಾದರೂ ನಿಲ್ಲಬಹುದು ಅಂತ ಅಲ್ಲ. ವ್ಯಾಪಾರಕ್ಕೆ ಮುಕ್ತವಾದ ವಲಯ, ನಿರ್ಬಂಧ ಇರುವ ವಲಯ, ನಿಷೇಧಿತ ವಲಯ ಅಂತ ಊರನ್ನು ವಿಂಗಡಿಸಲು ಕಾಯ್ದೆಯಲ್ಲೇ ದಾರಿ ಇದೆ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ಅಂತ ಸಮಯ ಗೊತ್ತು ಮಾಡಬಹುದು. ಬಳ್ಳಾರಿಯಂಥ ಊರಿಗೆ ಇದು ಚೆನ್ನಾಗಿ ಹೊಂದುತ್ತದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಮಧ್ಯಾಹ್ನ ಗಿರಾಕಿಯೂ ಇರುವುದಿಲ್ಲ, ಬಂಡಿಯೂ ಇರುವುದಿಲ್ಲ. ಗದ್ದಲ ಎಲ್ಲ ಸಂಜೆ ಆರರ ಮೇಲೆ. ವಾಕಿಂಗಿಗೆ ಬರುವವರೂ ಅದೇ ಹೊತ್ತಿಗೆ ಬರುತ್ತಾರೆ. ಒಂದೇ ಜಾಗಕ್ಕೆ ಎಲ್ಲರೂ ಒಂದೇ ಸಲ ಬೀಳುವುದರಿಂದ ಜಗಳ ಅಷ್ಟು ದೊಡ್ಡದಾಗಿ ಕಾಣುತ್ತದೆ. ಬಂಡಿಗಳು ಗೇಟಿನಿಂದ ಸ್ವಲ್ಪ ದೂರ ಸರಿದು, ಫುಟ್‌ಪಾತಿನಲ್ಲಿ ಆರಡಿ ಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯಬಹುದು. ಆರಡಿ ನಾನು ಸುಮ್ನೆ ಹೇಳಿದ್ದಲ್ಲ. ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ದಾರಿ ಇರಬೇಕು ಎಂಬುದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿ.

ಆ ಆರಡಿ ಅಳೆಯಲು ಟೇಪ್ ಹಿಡಿದು ಹೊರಟರೆ ಇನ್ನೊಂದು ಸತ್ಯ ಸಿಗುತ್ತದೆ. ಬಂಡಿಗಿಂತ ಮೊದಲು ನಮ್ಮ ಮನೆಗಳ ಇಳಿಜಾರು ಕಟ್ಟೆ, ಚರಂಡಿ ಮೇಲೆ ಹಾಸಿದ ಕಲ್ಲು, ಗಿಡದ ಬೇಲಿ, ರಾತ್ರಿ ನಿಲ್ಲಿಸುವ ಕಾರು, ಪಕ್ಕದ ಪಕ್ಕಾ ಅಂಗಡಿಯವರು ಹೊರಗೆ ಜೋಡಿಸಿದ ಸಾಮಾನು ಟೇಪಿಗೆ ಅಡ್ಡ ಬರುತ್ತವೆ. ಬೀದಿ ವ್ಯಾಪಾರಿಗೆ ಇರುವ ರಕ್ಷಣೆ ಇವಕ್ಕಿಲ್ಲ. 1976ರ ಮಹಾನಗರ ಪಾಲಿಕೆ ಕಾಯ್ದೆಯಡಿ ರಸ್ತೆ ಮೇಲಿನ ಇಂಥ ಒತ್ತುವರಿಯನ್ನು ಆಯುಕ್ತರು ನೋಟಿಸ್ ಕೂಡ ಇಲ್ಲದೆ ತೆಗೆಸಬಹುದು. ಅರ್ಜಿಗೆ ಸಹಿ ಹಾಕುವ ಮುಂಚೆ ಸಹಿ ಹಾಕುವವರು ತಮ್ಮ ಮನೆ ಮುಂದೆ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಈಗ ‘ಮಳಿಗೆ ಕಟ್ಟಿ ಬಂಡಿಯವರಿಗೆ ಕೊಡುತ್ತೇವೆ’ ಅನ್ನುವ ಮಾತಿಗೆ ಬರೋಣ. ಕೇಳೋಕೆ ಚೆನ್ನಾಗಿದೆ, ಇಬ್ಬರಿಗೂ ಒಳ್ಳೆಯದಾಯಿತಲ್ಲ ಅನ್ನಿಸುತ್ತದೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಒಂದೇ ಪ್ರಶ್ನೆ ಕೇಳಿ ನೋಡಿ: ಮಳಿಗೆ ಹಂಚುವುದು ಹೇಗೆ? ಹರಾಜಿನಲ್ಲಿ ಅಂದರೆ ಮುಂಗಡ ಕಟ್ಟಬೇಕು, ಬಾಡಿಗೆ ಕೂಗಬೇಕು. ದಿನದ ಬಂಡವಾಳವನ್ನೇ ಬೆಳಿಗ್ಗೆ ಸಾಲ ತಂದು ಸಂಜೆ ತೀರಿಸುವ ಹಣ್ಣಿನ ಅಕ್ಕ ಆ ಹರಾಜಿಗೆ ಎಲ್ಲಿಂದ ಬರುತ್ತಾಳೆ? ಮಳಿಗೆ ದುಡ್ಡಿದ್ದವರ ಪಾಲಾಗುತ್ತದೆ. ಅಲ್ಲಿ ಮೊಬೈಲ್ ಅಂಗಡಿಯೋ ಬೇಕರಿಯೋ ಬರುತ್ತದೆ, ಬಂಡಿ ಮತ್ತೆ ರಸ್ತೆಗೇ ಬರುತ್ತದೆ. ಪಾರ್ಕೂ ಹೋಯಿತು, ರಸ್ತೆಯೂ ಖಾಲಿ ಆಗಲಿಲ್ಲ. ಇನ್ನು ಒಳಗೆ ಹೋದ ಬಂಡಿಯವರಿಗೂ ವ್ಯಾಪಾರ ಸಿಗುವುದು ಖಾತ್ರಿಯಿಲ್ಲ. ಒಗ್ಗಾಣಿ-ಮಿರ್ಚಿ ತಿನ್ನುವವರು ಬೈಕ್ ನಿಲ್ಲಿಸಿ ಅಲ್ಲೇ ನಿಂತು ತಿಂದು ಹೋಗುವವರು. ಮೂಲೆಯ ಮಳಿಗೆ ಹುಡುಕಿಕೊಂಡು ಹೋಗುವವರು ಕಡಿಮೆ. ‘ರಸ್ತೆ ಖಾಲಿಯಾದರೆ ಸಾಕು’ ಅನ್ನುವ ನಿಮ್ಮ ನೆರೆಯವರಿಗೆ ಈ ಲೆಕ್ಕವನ್ನು ಸಮಾಧಾನವಾಗಿ ಹೇಳಿ. ಅವರಿಗೂ ಬೇಕಿರುವುದು ಓಡಾಡಲು ದಾರಿ ತಾನೇ.

ಇದನ್ನೆಲ್ಲ ಎಲ್ಲಿ ಮಾತಾಡಬೇಕು? ಗೇಟಿನ ಮುಂದೆ ಅಲ್ಲ. 2014ರ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿದೆ. ಆಯುಕ್ತರೇ ಅದರ ಅಧ್ಯಕ್ಷರು. ಕನಿಷ್ಠ 40 ಪ್ರತಿಶತ ಸದಸ್ಯರು ವ್ಯಾಪಾರಿಗಳೇ, ಅವರಲ್ಲೇ ಚುನಾಯಿಸಿ ಬಂದವರು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಟ್ರಾಫಿಕ್ ಪೊಲೀಸರೂ ಯೋಜನಾ ಪ್ರಾಧಿಕಾರದವರೂ ಅಲ್ಲಿ ಕೂರುತ್ತಾರೆ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಿವಾಸಿಗಳ ಸಂಘಕ್ಕೂ ಆ ಸಮಿತಿಯಲ್ಲಿ ಜಾಗ ಇದೆ. ಆದರೆ ಸಂಘ ನೋಂದಣಿ ಆಗಿರಬೇಕು. ಗಣೇಶ ಕೂರಿಸಲು ವರ್ಷಕ್ಕೊಮ್ಮೆ ಸೇರುವ ಗುಂಪನ್ನು ಯಾರೂ ಸಂಘ ಅನ್ನುವುದಿಲ್ಲ. ಪಾಲಿಕೆಯ ವಾರ್ಡ್ ಸಮಿತಿಯೂ ಇದೇ ಥರ: ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಜನ, ಅದರಲ್ಲಿ ನಿವಾಸಿ ಸಂಘಗಳಿಗೆ ಪಾಲು. ನಿಮ್ಮ ವಾರ್ಡಿನಲ್ಲಿ ಸಮಿತಿ ಇಲ್ಲದಿದ್ದರೆ, ಯಾಕಿಲ್ಲ ಅಂತ ಕೇಳುವುದೇ ಮೊದಲ ಅರ್ಜಿ ಆಗಲಿ. ಆ ಸಭೆಗೆ ಹೋಗುವ ಮುಂಚೆ ಬಂಡಿಯವರ ಜೊತೆ ಒಮ್ಮೆ ಕೂತು ಮಾತಾಡಿ. ಪಾರ್ಕ್ ಉಳಿಯುವುದು ಅವರಿಗೂ ಲಾಭವೇ, ಸಂಜೆ ಗಿರಾಕಿ ಬರುವುದೇ ಪಾರ್ಕಿಗೆ. ‘ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿಲ್ಲ’ ಅಂತ ಮೊದಲೇ ಗೊತ್ತಾದರೆ ಅವರೂ ನಿಮ್ಮ ಅರ್ಜಿಗೆ ಸಹಿ ಹಾಕಬಹುದು.

ಅರ್ಜಿಯ ಕೆಲಸ ಹೀಗೆ ಶುರು ಮಾಡಿ. ಸದ್ಯ ನಿಮ್ಮ ಕೈಯಲ್ಲಿರುವುದು ಸುದ್ದಿ ಮಾತ್ರ. ಅದು ನಿಜವಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹಾಗಾಗಿ ಬುಡಾಕ್ಕೆ ಬೇರೆ, ಪಾಲಿಕೆಗೆ ಬೇರೆ ಹಾಕಿ. ಬುಡಾದಿಂದ ಬಡಾವಣೆ ನಕ್ಷೆ. ಪಾಲಿಕೆಯಿಂದ ಮಳಿಗೆ ಬಗ್ಗೆ ಸಾಮಾನ್ಯ ಸಭೆಯಲ್ಲಿ ಆದ ನಡಾವಳಿ, ಅಂದಾಜು ಪಟ್ಟಿ, ಟೆಂಡರ್ ಪ್ರತಿ. ಕಥೆ ಬರೆಯಬೇಡಿ, ಕಾಗದ ಕೇಳಿ. ಉತ್ತರಕ್ಕೆ ಕಾಯುತ್ತಲೇ ಆಯುಕ್ತರಿಗೆ ಆಕ್ಷೇಪಣೆ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಕಾರ್ಪೊರೇಟರಿಗೆ ಕಳಿಸಿದ ಸಂದೇಶ ಆಕ್ಷೇಪಣೆ ಆಗುವುದಿಲ್ಲ. ಪಾರ್ಕಿನ ಅರ್ಜಿಯಲ್ಲಿ ಬಂಡಿಯ ಸುದ್ದಿ ಬೇಡ.

ಇಷ್ಟಾದ ಮೇಲೂ ಪಾಯ ತೆಗೆದರೆ ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡು ಹೈಕೋರ್ಟಿಗೆ ರಿಟ್ ಹಾಕಬೇಕಾಗುತ್ತದೆ. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಗೋಡೆ ಏಳುವ ಮುಂಚೆ ಹೋಗಿ. ತಡೆಯಾಜ್ಞೆ ಕೇಳುವಾಗ ಪಾಯ ಮಾತ್ರ ಆಗಿದೆ ಅನ್ನುವುದಕ್ಕೂ ಶಟರ್ ಕೂಡ ಹಾಕಿ ಆಗಿದೆ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.