ಸವೆದ ಪ್ರೊಜೆಕ್ಟರ್ ಟ್ಯೂಬಿನಲ್ಲಿ ಏನೇನು ಸಿಗುತ್ತದೆ? (ಕೆಂಪು ಪಾದರಸ ಬಿಟ್ಟು)

ಪ್ರಶ್ನೆ: ಉಡುಪಿಯ ನಮ್ಮ ಸಭಾಭವನದ ಮೂರು ಕಣ್ಣಿನ ಹಳೇ ಪ್ರೊಜೆಕ್ಟರ್ ಪೂರ್ತಿ ಮಂಕಾಗಿದೆ. ಟ್ಯೂಬುಗಳಿಂದ ಏನಾದರೂ ತೆಗೆದಿಟ್ಟುಕೊಳ್ಳಬಹುದಾ? ಕೆಂಪು ಟ್ಯೂಬಿನಲ್ಲಿ ಲಕ್ಷಗಟ್ಟಲೆ ಬೆಲೆಯ ಪಾದರಸ ಉಂಟಂತೆ, ಹೌದಾ?

ಇಲ್ಲ. ಎರಡನೆಯದಕ್ಕೆ ಮೊದಲು ಉತ್ತರ ಕೊಟ್ಟೆ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ತಿರುಗಿ ಬರುತ್ತದೆ ಮಾರಾಯ್ರೆ.

ನಿಮ್ಮ ಪ್ರೊಜೆಕ್ಟರಿನ ಒಂದೊಂದು ಕಣ್ಣಿನ ಹಿಂದೆಯೂ ಹಳೇ ಟಿವಿಯಲ್ಲಿದ್ದಂಥ ಪಿಕ್ಚರ್ ಟ್ಯೂಬ್ ಇದೆ. ಅದು ಕೆಲಸ ಮಾಡುವುದೇ ನಿರ್ವಾತದಲ್ಲಿ. ಪಾದರಸವೋ, ಕೋಣೆಯ ಬಿಸಿಗೇ ಆವಿಯಾಗುವ ಲೋಹ. ಆ ಆವಿಯ ಒತ್ತಡ ಟ್ಯೂಬಿನೊಳಗೆ ಇರಬೇಕಾದ ಒತ್ತಡದ ಸಾವಿರಕ್ಕೂ ಹೆಚ್ಚು ಪಟ್ಟು. ಒಂದೇ ಹನಿ ಬಿಟ್ಟರೂ ಎಲೆಕ್ಟ್ರಾನ್ ಹಾರಿಸುವ ಗನ್ನಿನಲ್ಲಿ ಕಿಡಿ ಹಾರಿ, ಅಯಾನುಗಳು (ಚಾರ್ಜ್ ಹೊತ್ತ ಕಣಗಳು) ಹಿಂದಕ್ಕೆ ಬಡಿದು ಎಲೆಕ್ಟ್ರಾನ್ ಹೊರಡುವ ಕ್ಯಾಥೋಡ್ ಹಾಳಾಗುತ್ತದೆ. ಟ್ಯೂಬನ್ನು ಕೊಲ್ಲುವ ವಸ್ತುವನ್ನು ಕಂಪನಿಯವರೇ ಒಳಗೆ ಹಾಕುತ್ತಾರಾ?

ಹಾಗಾದರೆ ಜನ ಕಂಡದ್ದೇನು? ಟ್ಯೂಬಿನ ಕುತ್ತಿಗೆಯ (ಹಿಂದಿನ ಕಿರಿದಾದ ಭಾಗ) ಒಳಗೋಡೆಗೆ ಕನ್ನಡಿಯಂತೆ ಅಂಟಿರುವುದು ಬೇರಿಯಂ, ಉಳಿದ ಅನಿಲ ಹೀರಲು ಹಾಕಿದ್ದು. ಅದು ಬಿಳಿಚಿದ್ದರೆ ಗಾಳಿ ಹೊಕ್ಕಿದೆ, ಟ್ಯೂಬ್ ಸತ್ತಿದೆ ಎಂದರ್ಥ. ಕೆಲವು ಸೆಟ್ಟುಗಳಲ್ಲಿ ಕೆಂಪು ಟ್ಯೂಬಿನ ಮುಂದೆ ಕೆಂಪಗೆ ಕಾಣುವ ದ್ರವ ಟ್ಯೂಬನ್ನು ತಣ್ಣಗಿಡುವ, ಬಣ್ಣ ಬೆರೆಸಿದ ಕೂಲಂಟ್, ಎಥಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಇನ್ನು ಕೆಂಪು ಬೆಳಕು ಕೊಡುವ ಯಿಟ್ರಿಯಂ-ಯುರೋಪಿಯಂ ಪುಡಿ, ಟ್ಯೂಬ್ ಆಫ್ ಇದ್ದಾಗ ಬರೀ ಬಿಳಿ! ಪಾದರಸದ ಕೆಂಪು ರೂಪ ಬೇಕಿದ್ದರೆ ಆಯುರ್ವೇದದವರ ಹಿಂಗುಲ ಇದೆ, ಅದಕ್ಕೆ ಲಕ್ಷ ಯಾರೂ ಕೊಡುವುದಿಲ್ಲ. 2009ರಲ್ಲಿ ಸೌದಿಯಲ್ಲಿ ಇದೇ ಗಾಳಿಮಾತಿಗೆ ಜನ ಹಳೇ ಹೊಲಿಗೆ ಯಂತ್ರಗಳಿಗೆ ಮುಗಿಬಿದ್ದದ್ದು ಗಲ್ಫಿನಲ್ಲಿದ್ದವರಿಗೆ ನೆನಪಿರಬಹುದು. ಹೊಲಿಗೆ ಯಂತ್ರ ಹೋಗಿ ಟಿವಿ, ಪ್ರೊಜೆಕ್ಟರಿನ ಟ್ಯೂಬ್ ಬಂತು, ಕಥೆ ಅದೇ.

ಈಗ ಸಿಗುವುದರ ಬಗ್ಗೆ. ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಆನೋಡಿಗೆ (ಟ್ಯೂಬಿಗೆ ಹೈವೋಲ್ಟೇಜ್ ಹೊಗುವ ಜಾಗ) 30 ಸಾವಿರ ವೋಲ್ಟಿನ ಆಸುಪಾಸು ಹೋಗುತ್ತದೆ, ಟ್ಯೂಬಿನ ಗಾಜೇ ಕೆಪಾಸಿಟರ್, ಎಂದರೆ ಪ್ಲಗ್ ಕಿತ್ತರೂ ಚಾರ್ಜ್ ಹಿಡಿದಿಡುತ್ತದೆ. ಉದ್ದ ಹಿಡಿಯ ಇನ್ಸುಲೇಟೆಡ್ ಸ್ಕ್ರೂಡ್ರೈವರಿನ ಲೋಹದ ಭಾಗಕ್ಕೆ ವೈರ್ ಕಟ್ಟಿ, ಇನ್ನೊಂದು ತುದಿಯನ್ನು ಟ್ಯೂಬಿನ ಹೊರಗಿನ ಕಪ್ಪು ಲೇಪಕ್ಕೆ ತಾಗಿದ ಅರ್ಥ್ ತಂತಿಗೆ ಕ್ಲಿಪ್ ಮಾಡಿ, ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಆನೋಡಿಗೆ ಮುಟ್ಟಿಸಿ. ಆನೋಡ್ ವೈರ್ ಟ್ಯೂಬಿಗೇ ಅಂಟಿಸಿದ ಮಾದರಿಯಾದರೆ ಮೂರೂ ಟ್ಯೂಬಿಗೆ ಕರೆಂಟ್ ಹಂಚುವ ಹೈವೋಲ್ಟೇಜ್ ಬ್ಲಾಕಿನಿಂದ ಕಿತ್ತ ತುದಿಗೆ ಮುಟ್ಟಿಸಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಗಾಜು ಹೀರಿದ ಚಾರ್ಜ್ ತಿರುಗಿ ಬರುತ್ತದೆ.

ನೆಕ್ ಬೋರ್ಡನ್ನು (ಕುತ್ತಿಗೆಯ ತುದಿಗೆ ಸಿಕ್ಕಿಸಿದ ಸರ್ಕ್ಯೂಟ್ ಬೋರ್ಡ್) ನೇರ ಹಿಂದಕ್ಕೆ ಎಳೆಯಿರಿ. ಅಲ್ಲಾಡಿಸಿದರೆ ಕುತ್ತಿಗೆ ಪಟ್ಟನೆ ಮುರಿಯುತ್ತದೆ. ಬಳಿಕ ಯೋಕ್, ಅಂದರೆ ಕುತ್ತಿಗೆಯ ಸುತ್ತ ಕೂತ ತಾಮ್ರದ ಸುರುಳಿ: ಮೇಲ್ಭಾಗಕ್ಕೆ ಮಾರ್ಕರಿನಲ್ಲಿ ಬಾಣ ಹಾಕಿ, ಕ್ಲಾಂಪ್ ಸ್ಕ್ರೂ ಸಡಿಲಿಸಿ ಜಾರಿಸಿ. ಸಾಮಾನ್ಯವಾಗಿ ಮೂರು ಟ್ಯೂಬಿಗೂ ಒಂದೇ ಮಾದರಿಯ ಯೋಕ್, ಹಾಗಾಗಿ ಮೂರೂ ಬಿಡಿಭಾಗವಾಗಿ ಉಳಿಯುತ್ತವೆ. ತಾಮ್ರಕ್ಕೆಂದು ಗುಜರಿಗೆ ಹಾಕಬೇಡಿ, ಸೆಟ್ ಇಟ್ಟುಕೊಂಡವರಿಗೆ ಅದು ಹೆಚ್ಚು ಬೆಲೆಯದು. ಕಡಲ ಗಾಳಿಗೆ ಪಿನ್ನುಗಳು ಕಿಲುಬು ಹಿಡಿಯುವುದರಿಂದ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಎಲ್ಲಕ್ಕಿಂತ ಬೆಲೆಯದು ಲೆನ್ಸ್. ಆಟಿಯ ಮಳೆಗೆ ಬೂಸ್ಟು ಕಟ್ಟಿದ್ದರೆ ಸ್ಪಿರಿಟ್ ಹಾಕಬೇಡಿ, ಒಳಗಿನ ಅಕ್ರಿಲಿಕ್ ಮಸೂರ ಬಿರುಕು ಬಿಡುತ್ತದೆ. ತೆಳು ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಕೂಲಂಟನ್ನು ಬಾಟಲಿಗೆ ಇಳಿಸಿ, ಬಾವಿಕಟ್ಟೆಯ ಹತ್ತಿರ ಚೆಲ್ಲಲೇಬೇಡಿ. ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಉಳಿದ ಗಾಜಿನಲ್ಲಿ ಸೀಸ ಇದೆ. ಒಡೆಯಬೇಡಿ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾದಾರರಿಗೆ ಇಡಿಯಾಗಿ ಕೊಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರೊಜೆಕ್ಟರಿನಲ್ಲಿ ಪಾದರಸ ನಿಜವಾಗಿ ಇರುವುದು ಇದರ ನಂತರದ ತಲೆಮಾರಿನ, ಶಾಲೆ-ಕಚೇರಿಗಳಲ್ಲಿ ಕಾಣುವ ಲ್ಯಾಂಪ್ ಪ್ರೊಜೆಕ್ಟರುಗಳಲ್ಲಿ. ಕಾಳಿನಷ್ಟು ಬಲ್ಬಿನೊಳಗೆ ಹತ್ತಾರು ಮಿಲಿಗ್ರಾಂ ಅಷ್ಟೇ, ಉರಿಯುವಾಗ ವಾತಾವರಣದ ಸುಮಾರು 200 ಪಟ್ಟು ಒತ್ತಡ. ಅವಧಿ ಮುಗಿದರೂ ಓಡಿಸುತ್ತಿದ್ದರೆ 'ಟಪ್' ಎಂದು ಒಡೆಯುತ್ತದೆ. ಆಗ ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು ಅರ್ಧ ಗಂಟೆ ಒಳಗೆ ಹೋಗಬೇಡಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ, ಚೂರುಗಳನ್ನು ಗ್ಲೌಸ್ ಹಾಕಿ ಅಂಟುಟೇಪಿನಲ್ಲಿ ಎತ್ತಿ, ಮುಚ್ಚಳದ ಡಬ್ಬಿಗೆ ಹಾಕಿ.