ಎಂಆರ್ ಬೋರ್ಡ್ ಅಂದ್ರೆ ಎಂತ? ತೇವ ಬೇರೆ, ನೀರು ಬೇರೆ

ಸೀಲಿಂಗಿಗೆ, ಗೋಡೆಗೆ ಹಾಕುವ ಹಸಿರು ಬೋರ್ಡ್ ಇದು, ನಮ್ಮ ಕಾಸರಗೋಡಿನ ಕುಂಬಳೆ ಬದಿಯಲ್ಲಿ ಇದಕ್ಕೆ ಪಚ್ಚೆ ಬೋರ್ಡ್ ಅಂತಲೇ ಹೆಸರು. ಬಿಲ್ಲಿನಲ್ಲಿ ಎಂಆರ್ ಜಿಪ್ಸಂ ಬೋರ್ಡ್ ಅಂತ ಬರೀತೇವೆ. ಎಂಆರ್ ಅಂದ್ರೆ ಮಾಯಿಶ್ಚರ್ ರೆಸಿಸ್ಟೆಂಟ್, ತೇವ ತಡ್ಕೊಳ್ಳುವಂಥದ್ದು. ಅರ್ಥ ಇಷ್ಟೇ, ಆದ್ರೆ ತಕರಾರು ಎಲ್ಲ ಶುರು ಆಗೋದು ಇಲ್ಲಿಂದಲೇ, ಯಾಕಂದ್ರೆ ಗಿರಾಕಿಗಳ ಕಿವಿಗೆ ರೆಸಿಸ್ಟೆಂಟ್ ಅಂದದ್ದು ಪ್ರೂಫ್ ಅಂತ ಕೇಳ್ತದೆ.

ಆಟಿ ತಿಂಗಳ ಮಳೆಯಲ್ಲಿ ಹಪ್ಪಳದ ಡಬ್ಬಿಯ ಮುಚ್ಚಳ ಸರಿ ಹಾಕದೆ ಬಿಟ್ಟು ನೋಡಿ. ಒಂದು ಹನಿ ನೀರು ತಾಗಿರುವುದಿಲ್ಲ, ಆದ್ರೂ ಮರುದಿನ ಹಪ್ಪಳ ಬಟ್ಟೆ ಹಾಗೆ ಬಗ್ತದೆ. ಅದು ತೇವ. ಅದೇ ಹಪ್ಪಳ ನೀರಿನ ಚೆಂಬಿಗೆ ಬಿದ್ರೆ ಹಿಟ್ಟು, ಅದು ನೀರು. ಪಚ್ಚೆ ಬೋರ್ಡ್ ಮಾಡಿದ್ದು ಮೊದಲನೆಯದಕ್ಕೆ, ಎರಡನೆಯದನ್ನು ಸ್ವಲ್ಪ ಹೊತ್ತು ತಾಳ್ಕೊಳ್ತದೆ ಅಷ್ಟೆ.

ಒಳಗೆ ಇರುವುದು ಜಿಪ್ಸಂ, ಎರಡು ಬದಿಗೂ ದಪ್ಪ ಪೇಪರ್. ತಮಾಷೆ ಎಂತ ಅಂದ್ರೆ ಜಿಪ್ಸಂನ ತೂಕದಲ್ಲಿ ಸುಮಾರು 21 ಶೇಕಡ ನೀರೇ, ಹರಳಿನ ಒಳಗೆ ಕಟ್ಟಿಹಾಕಿದ ನೀರು, ಬೆಂಕಿ ಬಿದ್ದಾಗ ಅದು ಆವಿಯಾಗಿ ಹೋಗ್ತಾ ಇರುವಷ್ಟು ಹೊತ್ತು ಬೋರ್ಡಿನ ಹಿಂದೆ ಬಿಸಿ ಅಷ್ಟಾಗಿ ಏರುವುದಿಲ್ಲ. ಆದ್ರೆ ಹೊರಗಿನ ನೀರು ಕಂಡ್ರೆ ಇದಕ್ಕೆ ಆಗುವುದಿಲ್ಲ. ಸಾದಾ ಬೋರ್ಡ್ ನೀರು ಕುಡೀತದೆ, ಮೆತ್ತಗಾಗ್ತದೆ, ಸೀಲಿಂಗ್ ಆದ್ರೆ ಹೊಟ್ಟೆ ಬಿಡ್ತದೆ, ಪೇಪರ್‌ನಲ್ಲಿ ಬೂಸ್ಟು ಬರ್ತದೆ. ಎಂಆರ್‌ನಲ್ಲಿ ಜಿಪ್ಸಂ ಕಲಸುವಾಗಲೇ ಸಿಲಿಕೋನ್ ಅಥವಾ ಮೇಣದಂಥ ನೀರು ಹಿಡಿಯದ ವಸ್ತು ಸೇರಿಸ್ತಾರೆ, ಪೇಪರಿಗೂ ಹಾಗೇ ಟ್ರೀಟ್‌ಮೆಂಟ್. ಹಸಿರು ಬಣ್ಣ ಬರೀ ಗುರುತಿಗೆ, ಬಣ್ಣ ಏನೂ ತಡೆಯುವುದಿಲ್ಲ. ಪಿಂಕ್ ಬಣ್ಣದ್ದು ಬೆಂಕಿಗೆ ಅಂತ ಮಾಡಿದ್ದು, ಅದನ್ನು ಬಾತ್‌ರೂಮಿಗೆ ಹಾಕಿದವರೂ ಇದ್ದಾರೆ!

ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಲೆಕ್ಕ ಉಂಟು. ಯುರೋಪಿನ ಇಎನ್ 520 ಸ್ಟ್ಯಾಂಡರ್ಡ್ ಪ್ರಕಾರ ಬೋರ್ಡಿನ ತುಂಡನ್ನು 2 ಗಂಟೆ ನೀರಲ್ಲಿ ಮುಳುಗಿಸಿ ತೂಗ್ತಾರೆ. ತೂಕ 5 ಶೇಕಡದ ಒಳಗೆ ಏರಿದ್ರೆ ಎಚ್1 ದರ್ಜೆ, 10ರ ಒಳಗೆ ಎಚ್2, 25ರ ಒಳಗೆ ಎಚ್3. ನಮ್ಮಲ್ಲಿ ಜಿಪ್ಸಂ ಬೋರ್ಡಿಗೆ ಐಎಸ್ 2095 ಅನ್ನುವ ಭಾರತದ ಸ್ಟ್ಯಾಂಡರ್ಡ್ ಉಂಟು. ಬೋರ್ಡಿನ ಹಿಂದೆ ಮುದ್ರೆ ಇರ್ತದೆ, ಅದನ್ನು ಓದಿ, ಮುಂದಿನ ಹಸಿರು ಮಾತ್ರ ನೋಡಬೇಡಿ. ನಾನು ಹೊಸ ಲೋಡ್ ಬಂದಾಗ ಒಂದು ತುಂಡು ಮುರಿದು, ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯಲ್ಲಿ 500 ಗ್ರಾಂ ಸರಿಮಾಡಿ, ಬಕೆಟಿಗೆ ಹಾಕಿ ಊಟ ಮಾಡಿ ಬರ್ತೇನೆ. 550 ದಾಟಿದ್ರೆ ಫೋನ್ ಮಾಡಿ ಗಲಾಟೆ. ಲ್ಯಾಬ್ ಟೆಸ್ಟ್ ಅಲ್ಲ ಇದು, ಆದ್ರೂ ಸಾದಾ ಬೋರ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಕೈಯಲ್ಲಿ ಎತ್ತಿದಾಗಲೇ ಗೊತ್ತಾಗ್ತದೆ.

ಇನ್ನೊಂದು ಗೊಂದಲ ಪ್ಲೈವುಡ್‌ನಿಂದ ಬಂದದ್ದು. ಆಚಾರಿಗಳ ಹತ್ರ ಎಂಆರ್ ಅಂತ ಹೇಳಿದ್ರೆ "ಅಯ್ಯೋ ಅದು ಬೇಡ ಮಾರಾಯ್ರೆ, ಅಡಿಗೆಮನೆಗೆ ಬಿಡಬ್ಲ್ಯುಪಿ ಹಾಕಿ" ಅಂತಾರೆ. ಅವರು ಹೇಳುವುದು ಸರಿಯೇ, ಪ್ಲೈಯಲ್ಲಿ ಎಂಆರ್ ಅಂದ್ರೆ ಕೆಳಗಿನ ಗ್ರೇಡ್, ಅದರ ಮೇಲೆ ಕುದಿನೀರು ತಾಳುವ ಬಿಡಬ್ಲ್ಯುಆರ್, ಬಿಡಬ್ಲ್ಯುಪಿ ಅಂತ ಕರೆಯುವ ಮರೀನ್ ಎಲ್ಲ ಉಂಟು. ಜಿಪ್ಸಂನಲ್ಲಿ ಉಲ್ಟಾ, ಎಂಆರ್ ಸಾದಾಕ್ಕಿಂತ ಮೇಲಿನದ್ದು. ಎರಡೂ ಕಡೆ ಅದೇ ಎರಡು ಅಕ್ಷರ, ಹಾಗಾಗಿ ಕೇಳುವವರಿಗೆ ತಲೆಬಿಸಿ.

ಎಲ್ಲಿ ಹಾಕಬಹುದು? ಬಾತ್‌ರೂಮ್ ಸೀಲಿಂಗ್, ಅಡಿಗೆಮನೆ, ವಾಶ್‌ಬೇಸಿನ್ ಬದಿಯ ಗೋಡೆ, ಮಳೆಗಾಲದಲ್ಲಿ ಕಿಟಕಿಯೇ ತೆರೆಯದ ಕೋಣೆ. ಶವರ್ ನೀರು ದಿನಾ ಬೀಳುವ ಗೋಡೆಗೆ ಬೇಡ, ಅಲ್ಲಿಗೆ ಸಿಮೆಂಟ್ ಬೋರ್ಡ್, ಅದರ ಮೇಲೆ ವಾಟರ್‌ಪ್ರೂಫಿಂಗ್, ಮತ್ತೆ ಟೈಲ್ಸ್. ಗಾಳಿಮಳೆ ಹೊಡೆಯುವ ಸಿಟೌಟ್ (ಜಗಲಿ) ಸೀಲಿಂಗಿಗೂ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ. ಗೋಡೆಗೆ ನಿಲ್ಲಿಸುವಾಗ ಕೆಳಗೆ ನೆಲದಿಂದ 10 ಮಿಲಿಮೀಟರ್ ಬಿಡಬೇಕು, ಇಲ್ಲದಿದ್ರೆ ನೆಲ ಒರೆಸಿದ ನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರ್ತದೆ. ಕತ್ತರಿಸಿದ ಅಂಚಿಗೆ, ಪೈಪ್ ಹಾಯಿಸಿದ ತೂತಿಗೆ ಸೀಲಂಟ್ ಕಡ್ಡಾಯ. ಮತ್ತೆ ಕಡಲಬದಿಯ ಮನೆ ಆದ್ರೆ ಬೋರ್ಡಿಗಿಂತ ಮೊದಲು ಸ್ಕ್ರೂ ಹೋಗ್ತದೆ, ಆ ಕಪ್ಪು ಸ್ಕ್ರೂ ಉಪ್ಪುಗಾಳಿಗೆ ತುಕ್ಕು ಹಿಡಿದು ಪೈಂಟ್ ಮೇಲೆ ಕಂದು ಚುಕ್ಕೆ ಬರ್ತದೆ, ಹಾಗಾಗಿ ಸತು ಲೇಪದ್ದೇ ಕೇಳಿ.

ನನ್ನದೇ ಒಂದು ತಪ್ಪು ಹೇಳ್ತೇನೆ. ಉಪ್ಪಳ ಹತ್ರ ಒಂದು ಮನೆಗೆ ಬಾತ್‌ರೂಮ್ ಸೀಲಿಂಗಿಗೆ ಒಳ್ಳೆ ಪಚ್ಚೆ ಬೋರ್ಡೇ ಕೊಟ್ಟದ್ದು. ಮೇಲಿನ ಸ್ಲ್ಯಾಬ್ ಒಸರ್ತದಾ ಅಂತ ಕೇಳಲಿಲ್ಲ, ಬೇಸಗೆಯಲ್ಲಿ ಹೋಗಿ ನೋಡಿದ್ದು, ಎಲ್ಲ ಒಣ. ಜುಲೈಯಲ್ಲಿ ಆ ಮನೆಯ ಅಕ್ಕ ಫೋನ್ ಮಾಡಿದ್ರು, "ನಿಮ್ಮ ಪಚ್ಚೆ ಬೋರ್ಡ್ ಬಸುರಿಯಾಗಿದೆ, ಬಂದು ನೋಡಿ." ಹೋಗಿ ಬೆರಳಿಟ್ಟರೆ ನೆನೆಸಿದ ರಸ್ಕಿನ ಹಾಗೆ ಒಳಗೆ ಹೋಯ್ತು. ಬೋರ್ಡಿನದ್ದು ದೋಷ ಇಲ್ಲ, ಒಸರುವ ನೀರು ಅದರ ಬೆನ್ನ ಮೇಲೆ ವಾರಗಟ್ಟಲೆ ನಿಂತಿತ್ತು. ಈಗ ಯಾರೇ ಕೇಳಿದ್ರೂ ಮೊದಲ ಪ್ರಶ್ನೆ, ಕಳೆದ ಮಳೆಗೆ ಸ್ಲ್ಯಾಬ್ ಹೇಗಿತ್ತು?

ಸಪ್ಲೈಯಲ್ಲೂ ನೀರಿನದ್ದೇ ಕತೆ. ನಮಗೆ ಮಾಲು ಮಂಗಳೂರಿಂದ ತಲಪಾಡಿ ಗಡಿ ದಾಟಿ ಕೇರಳಕ್ಕೆ ಬರುವುದು, ಒಂದೇ ಗಂಟೆ ದಾರಿ ಆದ್ರೂ ರಾಜ್ಯ ಬೇರೆ, 50,000 ರೂಪಾಯಿ ದಾಟಿದ ಲೋಡಿಗೆ ಇ-ವೇ ಬಿಲ್, ಅಂದ್ರೆ ಸರಕು ಸಾಗಿಸುವ ಜಿಎಸ್‌ಟಿ ಚೀಟಿ ಬೇಕು. ಅದನ್ನು ಮರೆತ ದಿನ ಪಿಕಪ್ ರಸ್ತೆ ಬದಿ ನಿಂತರೆ, ಆ ಹೊತ್ತಿಗೇ ಮಳೆ ಸುರಿದ್ರೆ, ಟರ್ಪಾಲ್ ಮೂಲೆ ಹರಿದಿದ್ರೆ ಮುಗೀತು. ಒದ್ದೆಯಾದ ಅಂಚು ಒಣಗಿದ ಮೇಲೂ ಉಬ್ಬಿಕೊಂಡೇ ಇರ್ತದೆ, ಜಾಯಿಂಟ್ ಕೂರುವುದಿಲ್ಲ. ಸೈಟಿನಲ್ಲಿ ಬೋರ್ಡನ್ನು ಗೋಡೆಗೆ ಒರಗಿಸಬಾರದು, ಬಗ್ತದೆ, ನೆಲಕ್ಕೆ ಹಾಕಬಾರದು, ತೇವ ಎಳೀತದೆ. ಕೆಳಗೆ ಮರದ ರೀಪು ಕೊಟ್ಟು ಸಪಾಟು ಅಟ್ಟಿ ಹಾಕಿ, ಹೊರುವಾಗ ಮಾತ್ರ ಇಬ್ಬರು ಹಿಡಿದು ನಿಲ್ಲಿಸಿಯೇ ಹೊರಬೇಕು. ಕಿಟಕಿಗೆ ಗಾಜು ಕೂರಿಸಿ, ಗೋಡೆಯ ಸಾರಣೆ (ಪ್ಲಾಸ್ಟರ್) ಒಣಗಿದ ಮೇಲೆಯೇ ಬೋರ್ಡ್ ತರಿಸಿ. ಜೂನ್‌ನಲ್ಲಿ ಗೃಹಪ್ರವೇಶ ಇಟ್ಕೊಂಡವರು ಬೋರ್ಡ್ ಈಗಲೇ ಕಳಿಸಿ ಅಂತ ಗಡಿಬಿಡಿ ಮಾಡ್ತಾರೆ, ನಾನು ಫೋನಿನಲ್ಲೇ ಕೇಳ್ತೇನೆ, ಸಾರಣೆ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗೆ ಉಂಟಾ? ಉಂಟು ಅಂದ್ರೆ ಲೋಡ್ ಗೋಡೌನ್‌ನಲ್ಲೇ ಇರ್ಲಿ.