ಲಿಂಕ್ಸ್ ಅಂದರೆ ಯಾವ ಥರದ ಗಾಲ್ಫ್ ಕೋರ್ಸ್?

ಚಿಕ್ಕಮಗಳೂರಿನಲ್ಲಿ ಗಾಲ್ಫ್ ಆಡುವ ತೋಟದವರು ವಿದೇಶಕ್ಕೆ ಆಡಲು ಹೋಗುವ ಮಾತು ತೆಗೆದರೆ ‘ಲಿಂಕ್ಸ್’ ಅನ್ನುವ ಪದ ಬಂದೇ ಬರುತ್ತದೆ. ಗಾಲ್ಫ್ ಕೋರ್ಸಿಗೇ ಇದು ಇನ್ನೊಂದು ಹೆಸರು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಲಿಂಕ್ಸ್ ಅನ್ನುವುದು ಮೊದಲಿಗೆ ಒಂದು ಬಗೆಯ ನೆಲ.

ಕಡಲ ದಂಡೆಗೂ ಉಳುವ ಹೊಲಕ್ಕೂ ನಡುವೆ ಇರುವ ಮರಳಿನ ಪಟ್ಟಿ ಅದು. ಸಮುದ್ರ ಹಿಂದೆ ಸರಿದಾಗ ಉಳಿದ ಮರಳನ್ನು ಗಾಳಿ ದಿಬ್ಬ ದಿಬ್ಬವಾಗಿ ಒಟ್ಟಿತು. ಮೇಲೆ ತೆಳು ಎಸಳಿನ ಗಟ್ಟಿ ಹುಲ್ಲು ಹಬ್ಬಿತು. ಅಲ್ಲಿ ಬೆಳೆ ಬರುವುದಿಲ್ಲ, ಮರಗಳೂ ಅಪರೂಪ. ಹಾಗಾಗಿ ಸ್ಕಾಟ್ಲೆಂಡಿನ ಕರಾವಳಿಯ ಜನ ಕುರಿ ಮೇಯಿಸಲು, ಮೊಲ ಹಿಡಿಯಲು, ಗಾಲ್ಫ್ ಆಡಲು ಅದನ್ನು ಬಳಸಿಕೊಂಡರು. ಸೇಂಟ್ ಆಂಡ್ರೂಸ್ ಊರಿನವರು ಲಿಂಕ್ಸ್ ಮೇಲೆ ಗಾಲ್ಫ್ ಆಡಬಹುದು ಅಂತ 1552ರ ಸನ್ನದಿನಲ್ಲೇ ಇದೆ. ಮೊಲ ಸಾಕುವ ವಿಷಯವೂ ಅದೇ ಕಾಗದದಲ್ಲಿದೆ! 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಶುರುವಾದ ಓಪನ್ ಚಾಂಪಿಯನ್‌ಶಿಪ್ ಅನ್ನುವ ದೊಡ್ಡ ಗಾಲ್ಫ್ ಪಂದ್ಯಾವಳಿ ಇವತ್ತಿಗೂ ಲಿಂಕ್ಸ್ ಬಿಟ್ಟು ಬೇರೆಡೆ ನಡೆಯುವುದಿಲ್ಲ.

ನೆಲ ಬದಲಾದರೆ ಆಟವೇ ಬದಲಾಗುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ಮಣ್ಣು ಮೆತ್ತಗಾಗುತ್ತದೆ, ಚೆಂಡು ಬಿದ್ದಲ್ಲೇ ಕೂರುತ್ತದೆ. ಮರಗಳು ಅಡ್ಡ ಇದ್ದರೆ ಎತ್ತಿ ಹೊಡೆಯಲೇಬೇಕು. ಲಿಂಕ್ಸ್‌ನಲ್ಲಿ ಮರಳು ನೀರನ್ನು ಕೂಡಲೇ ಇಳಿಸಿಕೊಳ್ಳುತ್ತದೆ, ನೆಲ ಗಟ್ಟಿಯಾಗಿಯೇ ಇರುತ್ತದೆ. ಚೆಂಡು ಪುಟಿದು ಉರುಳುತ್ತಾ ಹೋಗುತ್ತದೆ. ಎತ್ತಿ ಹೊಡೆದರೆ ಕಡಲ ಗಾಳಿ ಎಲ್ಲಿಗೋ ಒಯ್ಯುತ್ತದೆ. ಅದಕ್ಕೇ ಅಲ್ಲಿಯವರು ಚೆಂಡನ್ನು ತಗ್ಗಿನಲ್ಲೇ ಓಡಿಸುತ್ತಾರೆ. ಗ್ರೀನಿಗೆ (ಹುಲ್ಲು ನುಣ್ಣಗೆ ಕತ್ತರಿಸಿದ, ಕುಳಿ ಇರುವ ಜಾಗಕ್ಕೆ) ಇನ್ನೂ ದೂರ ಇರುವಾಗಲೇ ಪಟರ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸುವ ಕೋಲು, ಹಿಡಿಯುವುದೂ ಉಂಟು. ಬಂಕರ್‌ಗಳು, ಅಂದರೆ ಚೆಂಡು ಸಿಕ್ಕಿಕೊಳ್ಳುವ ಮರಳಿನ ಗುಂಡಿಗಳು, ಸಣ್ಣವು, ಆದರೆ ಬಾವಿಯ ಹಾಗೆ ಆಳ. ಹುಲ್ಲಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿರುತ್ತಾರೆ. ಗೋಡೆಗೆ ಒತ್ತಿ ಚೆಂಡು ನಿಂತರೆ ಮುಂದಕ್ಕೆ ಹೊಡೆಯುವ ಆಸೆ ಬಿಟ್ಟು ಹಿಂದಕ್ಕೆ ಹೊಡೆದು ಹೊರಬರಬೇಕು.

ಕಡಲು ಕಂಡರೆ ಸಾಕು, ಲಿಂಕ್ಸ್ ಅನ್ನಬಹುದು ಅಂತಲ್ಲ. ಅಮೆರಿಕದ ಪೆಬಲ್ ಬೀಚ್‌ನ ಹೆಸರಿನಲ್ಲೇ ಲಿಂಕ್ಸ್ ಇದೆ. ಆದರೆ ಅದು ಕಡಲಂಚಿನ ಬಂಡೆಯ ಮೇಲಿನ ಕೋರ್ಸ್, ಮರಳು ದಿಬ್ಬಗಳದ್ದಲ್ಲ. ಕಟ್ಟುನಿಟ್ಟಾಗಿ ನೋಡುವವರು ಅದನ್ನು ಲಿಂಕ್ಸ್ ಅಂತ ಒಪ್ಪುವುದಿಲ್ಲ.

ಸೇಂಟ್ ಆಂಡ್ರೂಸ್ ನೋಡಬೇಕಾದದ್ದೇ. ಆದರೂ ಈ ಪದ ಸರಿಯಾಗಿ ಅರ್ಥವಾಗಬೇಕಾದರೆ ಅಷ್ಟು ಹೆಸರಿಲ್ಲದ ಕೋರ್ಸ್‌ಗಳಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಉತ್ತರ ಸ್ಕಾಟ್ಲೆಂಡಿನ ಬ್ರೋರಾ ಕುರಿ, ದನ ಮೇಯುವ ಕೋರ್ಸ್ ಅಂತಲೇ ಹೆಸರಾದದ್ದು. ದನ ತುಳಿಯದಿರಲಿ ಅಂತ ಗ್ರೀನ್‌ಗಳ ಸುತ್ತ ಕರೆಂಟ್ ತಂತಿ ಎಳೆದ ಕೋರ್ಸ್ ಅದು. ಮ್ಯಾಕ್ರಿಹಾನಿಶ್‌ನಲ್ಲಿ ಮೊದಲ ಹೊಡೆತವೇ ಕಡಲ ದಂಡೆಯ ಮೇಲಿಂದ ಹೋಗಬೇಕು. ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್ನಿಶ್ ಅನ್ನು 1891ರಲ್ಲಿ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಗುರುತು ಹಾಕಿಕೊಟ್ಟ. ಆಮೇಲೆ ಅದು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಹುಡುಕಿ, ಸರಿಮಾಡಿ, 2008ರಲ್ಲಿ ಮತ್ತೆ ತೆರೆದರು. ಐರ್ಲೆಂಡಿನ ಪಶ್ಚಿಮ ತುದಿಯ ಕಾರ್ನ್‌ನಲ್ಲಿ ದಿಬ್ಬಗಳು ಎಷ್ಟು ಎತ್ತರ ಅಂದರೆ, ಅವುಗಳ ನಡುವೆ ಇಳಿದವರು ಹೊರಗಿನವರಿಗೆ ಕಾಣುವುದೇ ಇಲ್ಲ.

ಹೋಗುವುದಾದರೆ ಜೂನ್ ಒಳ್ಳೆಯದು. ನಮ್ಮಲ್ಲಿ ಆಗ ಮಳೆಗಾಲ, ಕಾಫಿ ಕೊಯ್ಲಿನ ಗಡಿಬಿಡಿಯೂ ಇರುವುದಿಲ್ಲ. ಉತ್ತರ ಸ್ಕಾಟ್ಲೆಂಡಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಊಟ ಮುಗಿಸಿಕೊಂಡು ಹೋಗಿಯೂ ಆಡಬಹುದು. ಸ್ವೆಟರ್, ಮಳೆಕೋಟು ಮಾತ್ರ ಮರೆಯಬೇಡಿ.